ಪೀಟಾ ಮತ್ತು ನಾಲ್ಕನೆಯ ಕುರ್ಚಿ

ಟೆಕ್ಸಸ್ಸಿನ ಸೀಡರ್ ಪಾರ್ಕಿನ ನಮ್ಮ ಮನೆಯ ಊಟದ ಮೇಜಿಗೆ ನಾಲ್ಕು ಕುರ್ಚಿಗಳಿವೆ. ಮನೆಯಲ್ಲಿ ಇದ್ದವರೂ ನಾಲ್ಕೇ ಜನ: ಗಂಡ, ಅತ್ತೆ, ಮಗಳು, ನಾನು. ಆದರೂ ನಾಲ್ಕನೆಯ ಕುರ್ಚಿಯ ಮೇಲೆ ಸದಾ ಒಗೆದು ಮಡಿಸಿದ ಬಟ್ಟೆ, ಅಂಚೆಯಲ್ಲಿ ಬಂದ ಕಾಗದಗಳು, ಗಂಡನ ಲ್ಯಾಪ್‌ಟಾಪ್ ಚೀಲ ಇರುತ್ತಿದ್ದವು. ಅದು ಯಾರ ಕುರ್ಚಿ ಎಂದು ಯಾರೂ ಕೇಳಿದ್ದಿಲ್ಲ. ಹೇಳಬೇಕಾದ ನಾನೂ ಹೇಳಿದ್ದಿಲ್ಲ.

ಕಾರಣ ರೊಟ್ಟಿ. ನಾನು ಮೈಸೂರಿನವಳು, ಮದುವೆಯಾಗಿ ಹೋದದ್ದು ಧಾರವಾಡದ ಮನೆಗೆ. ನಮ್ಮಮ್ಮ ಅನ್ನ, ಹುಳಿ, ಪಲ್ಯಗಳ ಪಾತ್ರೆಗಳನ್ನೆಲ್ಲ ತಂದು ನಡುವೆ ಇಟ್ಟುಕೊಂಡು ನಮ್ಮ ಜೊತೆಗೇ ಕೂತು ಬಡಿಸುತ್ತಿದ್ದಳು, ತಾನೂ ಉಣ್ಣುತ್ತಿದ್ದಳು. ಧಾರವಾಡದಲ್ಲಿ ಬೇರೆಯೇ ಕಾನೂನು. ಜೋಳದ ರೊಟ್ಟಿಯಾಗಲಿ ಚಪಾತಿಯಾಗಲಿ, ಹಂಚಿನಿಂದ ಎದ್ದದ್ದು ನೇರ ತಟ್ಟೆಗೇ ಹೋಗಬೇಕು. ತಿನ್ನುವವರು ಒಂದನ್ನು ಮುಗಿಸುವಷ್ಟರಲ್ಲಿ ಇನ್ನೊಂದು ಬೆಂದಿರಬೇಕು. "ಬಿಸಿ ಬಿಸಿ ಹಾಕವಾ, ಆರಿದ್ದು ಹಾಕಬ್ಯಾಡ" ಎಂದು ಅತ್ತೆ ಮೊದಲ ವಾರವೇ ಹೇಳಿಕೊಟ್ಟಿದ್ದರು. ಅಂದಮೇಲೆ ಒಲೆಯ ಮುಂದೆ ಒಬ್ಬರು ನಿಂತೇ ಇರಬೇಕಲ್ಲ. ಟೆಕ್ಸಸ್ಸಿಗೆ ಬಂದ ಮೇಲೂ, ಮಾವ ತೀರಿಕೊಂಡು ಅತ್ತೆ ನಮ್ಮ ಜೊತೆ ಇರಲು ಬಂದ ಮೇಲೂ ಆ ಒಬ್ಬರು ನಾನೇ. ಎಲ್ಲರದೂ ಆದ ಮೇಲೆ, ಆಕಾರ ಕೆಟ್ಟ ಮೊದಲನೆಯದು ಮತ್ತು ಉಳಿದ ಕಣಕದಲ್ಲಿ ತಟ್ಟಿದ ದಪ್ಪನೆಯ ಕೊನೆಯದು, ಇವೆರಡನ್ನು ಸಿಂಕಿನ ಪಕ್ಕ ನಿಂತು ತಿಂದು ಮುಗಿಸುತ್ತಿದ್ದೆ.

ನಾನೇನು ಸಹನಾಮೂರ್ತಿ ಅಲ್ಲ. ಲಟ್ಟಣಿಗೆ ಕುಕ್ಕುವ ಸದ್ದಿನಿಂದಲೇ ಆ ದಿನದ ನನ್ನ ಸಿಟ್ಟು ಎಷ್ಟಿದೆ ಎಂದು ಗಂಡ ಅಂದಾಜು ಮಾಡುತ್ತಿದ್ದರು. ಮೇಜಿನಿಂದ "ಇನ್ನೊಂದು" ಎಂಬ ಕೂಗು ಬಂದರೆ ಮೈ ಉರಿಯುತ್ತಿತ್ತು. ಬರದಿದ್ದರೆ ಇನ್ನೂ ಹೆಚ್ಚು ಉರಿಯುತ್ತಿತ್ತು, ಇವತ್ತು ಚೆನ್ನಾಗಿ ಆಗಿಲ್ಲವೇನೋ ಎಂದು. ಮಗಳು ಆಗಾಗ "ಅಮ್ಮಾ, ಕಮ್ ಸಿಟ್" ಎನ್ನುತ್ತಿದ್ದಳು. "ಒಂದ್ ನಿಮಿಷ, ಬಂದೆ" ಎನ್ನುತ್ತಿದ್ದೆ. ಅವಳು ಮಾತು ಕಲಿತಂದಿನಿಂದ ಈ ಎರಡು ವಾಕ್ಯಗಳು ನಮ್ಮ ಮನೆಯಲ್ಲಿ ಹೀಗೇ ನಡೆದಿದ್ದವು.

ಮಗಳು ಕಾಲೇಜಿಗೆ ಹೊರಡುವ ವರ್ಷ ಬಂತು. ರಿಚರ್ಡ್‌ಸನ್‌ನ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು, ಆಗಸ್ಟಿನಲ್ಲಿ ಹೊರಡಬೇಕಿತ್ತು. ಮೇ ತಿಂಗಳ ಕೊನೆಯ ಒಂದು ಶನಿವಾರ, ಅವಳಿಗೆ ಪ್ರೀತಿ ಎಂದು ಬದನೆಕಾಯಿ ಎಣ್ಣೆಗಾಯಿ ಮಾಡಿದ್ದೆ. ಹಿಟ್ಟು ಸಾಲದೆ ಹೊಸ ಪೊಟ್ಟಣ ತರಲು ಮೇಜು ದಾಟಿ ಹೋಗುವಾಗ ನೋಡುತ್ತೇನೆ, ಮಗಳು ತನ್ನ ತಟ್ಟೆಯ ಬದನೆಕಾಯಿಗಳನ್ನು ಒಂದೊಂದಾಗಿ ಅಜ್ಜಿಯ ತಟ್ಟೆಗೆ ದಾಟಿಸುತ್ತಿದ್ದಾಳೆ! ಅಜ್ಜಿ ಸುಮ್ಮನೆ ತಟ್ಟೆ ಒಡ್ಡಿದ್ದಾರೆ. ಗಂಡ ನೋಡಿಯೂ ನೋಡದವರ ಹಾಗೆ ಮೊಸರು ಕಲಸುತ್ತಿದ್ದಾರೆ.

"ಏನೇ ಇದು? ನಿನಗೋಸ್ಕರ ಮಾಡಿದ್ದಲ್ವಾ?"

"ಅಮ್ಮಾ, ಬದನೆಕಾಯಿ ತಿನ್ನೋದು ಬಿಟ್ಟು ಲೈಕ್ ಟೂ ಇಯರ್ಸ್ ಆಯ್ತು. ಎವ್ರಿಬಡಿ ನೋಸ್."

ಎಲ್ಲರಿಗೂ ಗೊತ್ತು. ಎರಡು ವರ್ಷದಿಂದ ಆ ಮೇಜಿನಲ್ಲಿ ಕೂತವರಿಗೆಲ್ಲ ಗೊತ್ತು. ಗೊತ್ತಿಲ್ಲದವಳು ಬದನೆಕಾಯಿ ಸೀಳಿ, ಮಸಾಲೆ ಅರೆದು ತುಂಬಿದವಳು ಮಾತ್ರ. ಅವತ್ತು ಸಿಟ್ಟಿನಲ್ಲಿ ಒಲೆ ಆರಿಸಿ ಮೇಲಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಸಿಟ್ಟು ಇಳಿದ ಮೇಲೆ ಉಳಿದದ್ದು ಹೆದರಿಕೆ. ಹದಿನೆಂಟು ವರ್ಷ ಉಣ್ಣಿಸಿದ ಮಗಳು ಹೇಗೆ ಉಣ್ಣುತ್ತಾಳೆಂದು ನಾನು ನೋಡಿಯೇ ಇಲ್ಲ. ಅವಳು ಹೊರಡುವ ಮೊದಲು ಅವಳ ಎದುರು ಕೂತು, ಮೊದಲ ತುತ್ತಿನಿಂದ ಕೊನೆಯ ತುತ್ತಿನವರೆಗೆ ಒಂದು ಊಟ ಮಾಡಬೇಕು. ಒಂದಾದರೂ ಸರಿ.

ಅನ್ನ ಮಾಡಿದ್ದರೆ ಆಗುತ್ತಿತ್ತಲ್ಲ ಎಂದು ಯಾರಾದರೂ ಕೇಳಬಹುದು. ರೊಟ್ಟಿಯಿಲ್ಲದ ಊಟವನ್ನು ಅತ್ತೆ ಊಟವೆಂದು ಒಪ್ಪುವುದಿಲ್ಲ, ಅವರ ಮೊಮ್ಮಗಳೂ ಹಾಗೇ ಬೆಳೆದವಳು. ಚಪಾತಿಯ ಬದಲು ಅಂಗಡಿಯಿಂದ ಟೋರ್ಟಿಯಾ ಎಂಬ ತೆಳ್ಳನೆಯ ರೊಟ್ಟಿ ತಂದ ಒಂದು ದಿನ ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನ ಕಾಗದದಾಗ ಮಾಡ್ಯಾರೇನು?" ಎಂದು ಕೇಳಿ, ಬರೀ ಮೊಸರನ್ನ ಉಂಡು ಎದ್ದಿದ್ದರು.

ದಾರಿ ಸಿಕ್ಕಿದ್ದು ಎರಡು ಮನೆ ಆಚೆ. ಅಲ್ಲಿ ಲೆಬನಾನಿನ ಒಬ್ಬ ಆಂಟಿ ಇದ್ದಾರೆ, ಎಪ್ಪತ್ತು ದಾಟಿದವರು. ನಾವು ಪುದೀನ, ನಿಂಬೆಹಣ್ಣು ಕೊಟ್ಟು ತೆಗೆದುಕೊಳ್ಳುವಷ್ಟು ಪರಿಚಯ. ಮರುದಿನ ಭಾನುವಾರ ಅವರ ಬಟ್ಟಲು ಹಿಂದಿರುಗಿಸಲು ಹೋದಾಗ ಅಡುಗೆಮನೆಯಲ್ಲಿ ತಮ್ಮ ಕಡೆಯ ರೊಟ್ಟಿಯಾದ ಪೀಟಾ ಮಾಡುತ್ತಿದ್ದರು. ಮಗ, ಸೊಸೆ, ಮೊಮ್ಮಕ್ಕಳು ಊಟಕ್ಕೆ ಬಂದಿದ್ದರು. ಮೈದಾ, ಗೋಧಿ, ಉಪ್ಪು, ಈಸ್ಟು, ನೀರು, ಜೊತೆಗೆ ಹಿಂದಿನ ಸಲ ಎತ್ತಿಟ್ಟಿದ್ದ ಹುಳಿ ಕಣಕದ ಒಂದು ಚೂರು, ಅಷ್ಟೇ ಸಾಮಾನು. ನಾದಿದ ಕಣಕ ಎರಡರಷ್ಟು ಆಗುವ ತನಕ ಬಿಟ್ಟಿದ್ದರು. ಉಂಡೆ ಮಾಡಿ ಮತ್ತೆ ಬಿಟ್ಟರು. ಲಟ್ಟಿಸಿದ ಮೇಲೂ ಹಿಟ್ಟು ಉದುರಿಸಿದ ಬಟ್ಟೆಯ ಮೇಲೆ ಹರಡಿ ಮೂರನೆಯ ಸಲ ಬಿಟ್ಟರು. ನನಗೆ ಕೈ ಕಡಿಯುತ್ತಿತ್ತು. ಲಟ್ಟಿಸಿದ್ದನ್ನು ಬೇಯಿಸದೆ ಸುಮ್ಮನೆ ನೋಡುತ್ತ ಕೂರುವುದೆಂದರೇನು! ಆಮೇಲೆ ಓವನ್ನಿನೊಳಗೆ ಅಷ್ಟು ಹೊತ್ತು ಕಾದಿದ್ದ ಕಲ್ಲಿನ ಮೇಲೆ ನಾಲ್ಕನ್ನು ಒಟ್ಟಿಗೆ ಹಾಕಿ ಬಾಗಿಲು ಮುಚ್ಚಿದರು. ಎರಡು ಮೂರು ನಿಮಿಷದಲ್ಲಿ ನಾಲ್ಕೂ ದಿಂಬಿನಂತೆ ಉಬ್ಬಿ ನಿಂತವು. ತೆಗೆದವರೇ ದಪ್ಪ ಬಟ್ಟೆಯೊಳಗೆ ಒಂದರ ಮೇಲೊಂದು ಇಟ್ಟು ಸುತ್ತಿದರು.

ಹದಿನಾರು ಪೀಟಾಗಳನ್ನೂ ಹೀಗೆ ಬೇಯಿಸಿ, ಬಟ್ಟೆಯ ಗಂಟನ್ನು ಮೇಜಿನ ನಡುವೆ ಇಟ್ಟು, ಓವನ್ ಆರಿಸಿ, ಆಂಟಿ ಎಲ್ಲರಿಗಿಂತ ಮೊದಲು ತಾವೇ ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ಮಗನನ್ನೂ ಸೊಸೆಯನ್ನೂ ಕೂಗಿ ಕರೆದರು. ನಾನು ಬಟ್ಟಲು ಹಿಡಿದುಕೊಂಡು ನಿಂತಲ್ಲೇ ನಿಂತಿದ್ದೆ. ಮಾಡಿದವರೇ ಮೊದಲು ಕೂರುವ ರೊಟ್ಟಿಯೊಂದು ಲೋಕದಲ್ಲಿ ಇದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಆಂಟಿ ಕೊಟ್ಟ ಹುಳಿ ಕಣಕದ ಚೂರು ಹಾಕಿ ಮುಂದಿನ ಶನಿವಾರವೇ ಮಾಡಿದೆ. ಕೆಟ್ಟೆ. ಕಣಕ ಚೆನ್ನಾಗಿಯೇ ಹುದುಗಿತ್ತು, ಕಲ್ಲೂ ಕಾದಿತ್ತು. ಆದರೆ ಮೊದಲ ಪೀಟಾ ಉಬ್ಬಿದ್ದೇ ತಡ, ಇಪ್ಪತ್ತು ವರ್ಷದ ಕೈ ನನ್ನ ಮಾತು ಕೇಳಲಿಲ್ಲ. ಇಕ್ಕಳದಲ್ಲಿ ಹಿಡಿದು, ತುಪ್ಪ ಸವರಿ, ಓಡಿಹೋಗಿ ಗಂಡನ ತಟ್ಟೆಗೆ ಹಾಕಿದೆ. ಅವರು ಮುರಿದ ಕೂಡಲೇ ಒಳಗಿನ ಹಬೆ ಬೆರಳಿಗೆ ಬಡಿದು ಕೈ ಕೊಡವಿದರು. ಎರಡನೆಯದು ಅತ್ತೆಗೆ, ಮೂರನೆಯದು ಮಗಳಿಗೆ. ಒಂದು ಲಟ್ಟಿಸುವುದು, ಒಂದು ಹಾಕುವುದು, ಒಂದು ತೆಗೆಯುವುದು, ಓಡುವುದು. ನಿಮಿಷಕ್ಕೊಮ್ಮೆ ಬಾಗಿಲು ತೆರೆದು ತೆರೆದು ಓವನ್ನಿನ ಕಾವು ಇಳಿಯಿತು. ಐದನೆಯದು ಅರ್ಧ ಮಾತ್ರ ಉಬ್ಬಿತು. ಎಂಟನೆಯದು ಉಬ್ಬಲೇ ಇಲ್ಲ.

"ಏನವಾ, ಇದು ಖಟಿ ಆಗೇತಲ್ಲ, ನನ್ನ ಹಲ್ಲು ಕೇಳಂಗಿಲ್ಲ" ಎಂದರು ಅತ್ತೆ.

ಕೊನೆಯ ಎರಡನ್ನು ಸಿಂಕಿನ ಪಕ್ಕ ನಿಂತು ತಿನ್ನುವಾಗ ಅಳು ಬಂತು. ಅಷ್ಟೆಲ್ಲ ಮಾಡಿ ಮತ್ತೆ ಅಲ್ಲೇ ನಿಂತಿದ್ದೆ. ಕಾನೂನು ಅತ್ತೆಯದು ಎಂದು ತಿಳಿದಿದ್ದೆ. ಅಂದು ಯಾರೂ "ಬಿಸಿ ಹಾಕು" ಎಂದಿರಲಿಲ್ಲ, ಓಡಿದ್ದು ನಾನೇ.

ಆಂಟಿಗೆ ಹೇಳಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂಟಿಯಾಗಿ ಯಾಕೆ ಕಳಿಸಿದೆ, ರೊಟ್ಟಿಯ ಜೊತೆ ರೊಟ್ಟಿ ಸ್ವಲ್ಪ ಹೊತ್ತು ಇರಬೇಕು, ಒಂದರ ಹಬೆಯಲ್ಲಿ ಇನ್ನೊಂದು ಮೆತ್ತಗಾಗಬೇಕು ಎಂದರು. ಅವರ ಹಳ್ಳಿಯಲ್ಲಿ ಮನೆಮನೆಗೆ ಓವನ್ ಇರಲಿಲ್ಲವಂತೆ. ಹೆಂಗಸರು ಉಂಡೆಗಳ ಹಲಗೆಯನ್ನು ತಲೆಯ ಮೇಲೆ ಹೊತ್ತು ಊರಿನ ಒಲೆಗೆ ಹೋಗಿ, ಬೇಯಿಸಿಕೊಂಡು, ಬಟ್ಟೆಯಲ್ಲಿ ಸುತ್ತಿ ಮನೆಗೆ ತರುತ್ತಿದ್ದರಂತೆ. ಒಲೆಯ ಮುಂದೆ ನಿಂತು ಮನೆಯವರಿಗೆ ಬಡಿಸುವ ಪ್ರಶ್ನೆಯೇ ಬರುತ್ತಿರಲಿಲ್ಲ. ಬಿಸಿಯಾಗಿ ತಿನ್ನುವುದಿಲ್ಲವೇ ಎಂದು ಕೇಳಿದೆ. ಬೆಚ್ಚಗಿರುತ್ತದೆ ಸಾಕು, ಸುಡುವುದೇನು ರುಚಿಯೇ ಎಂದು ನನ್ನನ್ನೇ ಕೇಳಿದರು.

ಅದರ ಮುಂದಿನ ಶನಿವಾರ ಹೊರಗೆ ಟೆಕ್ಸಸ್ಸಿನ ಜೂನ್, ಒಳಗೆ ಏಸಿ ಸೋಲುವಷ್ಟು ಓವನ್ನಿನ ಕಾವು. ಹನ್ನೆರಡು ಪೀಟಾಗಳೂ ಬೇಯುವ ತನಕ ಅಡುಗೆಮನೆಯ ಕಡೆ ಯಾರೂ ಸುಳಿಯಬಾರದೆಂದು ಹೇಳಿದ್ದೆ. ನಾಲ್ಕು ನಾಲ್ಕಾಗಿ ಬೇಯಿಸಿದೆ. ಮೂಗಿಗೆ ವಾಸನೆ ಬಡಿದಾಗ ಅತ್ತೆ ತಟ್ಟೆ ಹಾಕಿಕೊಂಡು ಕೂತೇಬಿಟ್ಟರು. "ಹಾಕವಾ ಒಂದು." ನನ್ನ ಕೈ ಬಟ್ಟೆಯತ್ತ ಹೋಯಿತು. ಹಿಂದಕ್ಕೆ ತೆಗೆದುಕೊಂಡೆ. "ಹತ್ತು ನಿಮಿಷ ಅತ್ತೆ. ಇದು ಬಟ್ಟೆಲೇ ಇರಬೇಕಂತೆ." ಗಂಟನ್ನು ಮೇಜಿನ ನಡುವೆ ಇಟ್ಟು, ನಾಲ್ಕನೆಯ ಕುರ್ಚಿಯ ಬಟ್ಟೆ, ಕಾಗದಗಳನ್ನೆಲ್ಲ ಬಾಚಿ ಸೋಫಾದ ಮೇಲೆ ಎಸೆದು ಕೂತೆ.

ಕೂತೆ ಎಂದು ಬರೆಯುವುದು ಸುಲಭ. ಉಪ್ಪು ತರಲು ಎದ್ದೆ. ನೀರು ತರಲು ಎದ್ದೆ. ಓವನ್ ಆರಿಸಿದ್ದೇನೋ ಇಲ್ಲವೋ ನೋಡಲು ಎದ್ದೆ, ಆರಿಸಿದ್ದೆ. ನಾಲ್ಕನೆಯ ಸಲ ಏಳುವಾಗ ಮಗಳು ಮಣಿಕಟ್ಟು ಹಿಡಿದಳು. "ಅಮ್ಮಾ. ಸ್ಟೇ."

ಆಗ ನೋಡಿದೆ. ಮಗಳು ಪೀಟಾವನ್ನು ಅಂಚಿನಿಂದ ಸುತ್ತಲೂ ಮುರಿದುಕೊಂಡು ತಿನ್ನುತ್ತಾಳೆ, ನಡುವಿನ ಮೆತ್ತನೆಯ ತುಂಡನ್ನು ಕೊನೆಗೆ ಉಳಿಸಿಕೊಳ್ಳುತ್ತಾಳೆ. ನಗು ಬರುವ ಮಾತು ಹೇಳುವ ಮೊದಲು ಅಗಿಯುವುದನ್ನು ನಿಲ್ಲಿಸುತ್ತಾಳೆ. ಹಸಿ ಈರುಳ್ಳಿಯನ್ನು ಅಪ್ಪನ ತಟ್ಟೆಯಿಂದ ಕೇಳದೇ ಎತ್ತಿಕೊಳ್ಳುತ್ತಾಳೆ. ಇದೆಲ್ಲ ಗಂಡನಿಗೆ ಗೊತ್ತಿತ್ತು, ಅತ್ತೆಗೆ ಗೊತ್ತಿತ್ತು. ನನಗೆ ಹೊಟ್ಟೆಕಿಚ್ಚಾಯಿತು ಎಂದು ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ಆ ಬೇಸಿಗೆಯ ಶನಿವಾರಗಳೆಲ್ಲ ಪೀಟಾದವು. ಆಂಟಿ ಹೇಳಿಕೊಟ್ಟಂತೆ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ, ನೀರು ಇಳಿಸಿ, ತಟ್ಟೆಯಲ್ಲಿ ಬಳಿದು ಆಲಿವ್ ಎಣ್ಣೆ ಸುರಿಯುತ್ತಿದ್ದೆ. ಅವರು ತಮ್ಮ ಕಡೆಯ ಒಂದು ಬಗೆಯ ಹುಳಿಕಾಯಿ, ಎಳ್ಳು, ಒಣ ಎಲೆಗಳ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚುತ್ತಾರೆ. ನಮ್ಮಲ್ಲಿ ಆ ಜಾಗಕ್ಕೆ ಶೇಂಗಾ ಚಟ್ನಿಪುಡಿ ಬಂತು, ಒಂದು ವಾರ ಗುರೆಳ್ಳು ಪುಡಿಯೂ ಬಂತು. ಕಡಲೆಕಾಳು ಬೇಯಿಸಿ ನುಣ್ಣಗೆ ಅರೆದ ಹಮ್ಮಸ್ ಗಂಡನಿಗೆ ಹಿಡಿಸಿತು. ಮಗಳು ಪೀಟಾದ ಬಾಯಿ ಬಿಡಿಸಿ ಅದರೊಳಗೆ ಹೆಸರುಕಾಳಿನ ಉಸಲಿ, ಸೌತೆಕಾಯಿ, ಮೊಸರು ತುಂಬಿ ಎರಡೂ ಕೈಯಲ್ಲಿ ಹಿಡಿದು ತಿನ್ನುತ್ತಿದ್ದಳು. ಹಿಂದಿನ ದಿನದ ಒಣಗಿದ ಪೀಟಾವನ್ನು ಆಂಟಿ ಚೂರು ಮಾಡಿ ಎಣ್ಣೆಯಲ್ಲಿ ಕರಿದು, ಟೊಮೇಟೊ, ಸೊಪ್ಪು, ನಿಂಬೆರಸದ ಜೊತೆ ಕಲಸುತ್ತಾರೆ. ಅದನ್ನು ಹೇಳಿದ್ದೇ ತಡ, ಅತ್ತೆ ತಾವೇ ಎದ್ದು ಬಂದು, ಉಳಿದ ಪೀಟಾವನ್ನು ಕಾಯಿಸಿ, ಬೆಳ್ಳುಳ್ಳಿ, ಜೀರಿಗೆ, ಹಸಿಮೆಣಸು, ತುಪ್ಪ ಹಾಕಿ ಕುಟ್ಟಿ ಧಾರವಾಡದ ಮುಟಗಿ ಮಾಡಿದರು. ಜೋಳದ ರೊಟ್ಟಿಯ ಮುಟಗಿಗೆ ಇದು ಸಮ ಅಲ್ಲ ಎಂದು ಹೇಳಿಕೊಂಡೇ ಎರಡು ಉಂಡೆ ತಿಂದರು.

ಅತ್ತೆಯ ತಕರಾರು ಮಾತ್ರ ನಿಲ್ಲಲಿಲ್ಲ. ಪ್ರತಿ ಶನಿವಾರ ಗಂಟು ಬಿಚ್ಚುವಾಗ "ಆರೇತಿ" ಎನ್ನುವರು. ಜುಲೈ ಕೊನೆಯಲ್ಲಿ ಒಂದು ದಿನ ನನಗೆ ತಡೆಯಲಾಗಲಿಲ್ಲ. "ಅತ್ತೆ, ಅಷ್ಟು ಬಿಸಿನೇ ಬೇಕಾ? ನಾನು ಇಪ್ಪತ್ತು ವರ್ಷದಿಂದ ಆರಿದ್ದೇ ತಿಂತಿಲ್ವಾ?"

ಗಂಡ ತಟ್ಟೆ ನೋಡಿಕೊಂಡರು. ಅತ್ತೆ ಕೈಯಲ್ಲಿದ್ದ ತುಂಡನ್ನು ತಟ್ಟೆಗೆ ಇಟ್ಟರು. ಅವರಿಗೆ ಸಿಟ್ಟು ಬಂದಿರಲಿಲ್ಲ.

"ನಾ ಬಿಸಿ ರೊಟ್ಟಿ ತಿಂದದ್ದ ನೀ ಬಂದ ಮ್ಯಾಲವಾ" ಎಂದರು. "ಅದಕ್ಕ ಮದಲ ಒಲಿ ಮುಂದ ಇದ್ದಾಕಿ ನಾನ. ಮುವ್ವತ್ತ ವರ್ಷ. ನೀ ಬಂದ್ ಹಾಕಿದಿ ನೋಡು, ಆವಾಗ ತಿಂದೆ."

ಮೂವತ್ತು ವರ್ಷ ಕಾದು ಸಿಕ್ಕಿದ್ದನ್ನು ನಾನು ಬಟ್ಟೆಯಲ್ಲಿ ಸುತ್ತಿ ಆರಿಸಿ ಕೊಡುತ್ತಿದ್ದೆ. ಅವರ ಮೇಲೆ ಇಟ್ಟುಕೊಂಡಿದ್ದ ಸಿಟ್ಟನ್ನು ಎಲ್ಲಿಡುವುದೆಂದು ತಿಳಿಯದೆ, ಗಂಟಿನ ಕೆಳಗಿನ, ಹೆಚ್ಚು ಬೆಚ್ಚಗಿದ್ದ ಪೀಟಾವನ್ನು ಹುಡುಕಿ ಅವರ ತಟ್ಟೆಗೆ ಹಾಕಿದೆ. ಅವತ್ತಿನಿಂದ ಅದು ಅವರದೇ. "ಆರೇತಿ" ಎನ್ನುವುದನ್ನು ಅವರು ಬಿಡಲಿಲ್ಲ, ನನಗೂ ಅದರಿಂದ ಮೈ ಉರಿಯಲಿಲ್ಲ.

ಆಗಸ್ಟಿನಲ್ಲಿ ಮಗಳು ಹೋದಳು. ಹೋಗುವ ಮೊದಲು ಒಂದಲ್ಲ, ಒಂಬತ್ತು ಊಟ ಅವಳ ಎದುರು ಕೂತು ಮಾಡಿದ್ದೆ. ಗೆದ್ದೆ ಎಂದುಕೊಂಡೆ. ಹುಳಿ ಕಣಕದ ಒಂದು ಚೂರನ್ನು ಪುಟ್ಟ ಡಬ್ಬಿಯಲ್ಲಿ ಹಾಕಿ, ಅವಳ ಅಕ್ಕಿ, ಬೇಳೆ, ಕುಕ್ಕರಿನ ಜೊತೆ ಕಾರಿನಲ್ಲಿ ಇಟ್ಟುಕೊಟ್ಟೆ.

ಅಕ್ಟೋಬರಿನಲ್ಲಿ ನಾನೊಬ್ಬಳೇ ಡ್ರೈವ್ ಮಾಡಿಕೊಂಡು ರಿಚರ್ಡ್‌ಸನ್‌ಗೆ ಹೋದೆ. ದಾರಿಯುದ್ದಕ್ಕೂ ಟ್ರಾಫಿಕ್, ನಾಲ್ಕು ಗಂಟೆ ಹಿಡಿಯಿತು. ರೂಮ್‌ಮೇಟ್‌ಗಳು ಇಲ್ಲದ ವಾರಾಂತ್ಯ. ಅಪಾರ್ಟ್‌ಮೆಂಟಿನಲ್ಲಿ ಒಂದು ಸಣ್ಣ ಮೇಜು, ಎರಡು ಕುರ್ಚಿ. ಒಂದರ ಮೇಲೆ ಅವಳ ಪುಸ್ತಕಗಳು, ಚಾರ್ಜರ್ ತಂತಿಗಳು ಇದ್ದವು. ಒಲೆಯ ಪಕ್ಕ ಉಂಡೆಗಳು ಸಾಲಾಗಿ, ಒದ್ದೆ ಬಟ್ಟೆ ಹೊದ್ದು ಕಾದಿದ್ದವು. ಬೆಳಗ್ಗೆಯೇ ಎದ್ದು ಕಣಕ ಕಲಸಿದ್ದಳಂತೆ. ಅಲ್ಲಿಯ ಓವನ್ ಹೆಚ್ಚು ಕಾಯಿಸಿದರೆ ಹೊಗೆಯ ಅಲಾರಂ ಕೂಗುತ್ತದೆ, ಅದಕ್ಕೇ ಕಬ್ಬಿಣದ ತವಾದ ಮೇಲೆ ಮಾಡುತ್ತಾಳೆ. ತವಾದ ಮೇಲೆ ಒಂದು ಸಲಕ್ಕೆ ಒಂದೇ ಆಗುವುದು.

"ಯೂ ಡ್ರೋವ್ ಸೋ ಫಾರ್. ಕೂತ್ಕೋ ಅಮ್ಮ."

ಖಾಲಿ ಇದ್ದ ಕುರ್ಚಿಯಲ್ಲಿ ಕೂತೆ. ಅವಳು ಒಂದನ್ನು ತವಾಕ್ಕೆ ಹಾಕಿದಳು, ತಿರುವಿದಳು, ಬಟ್ಟೆಯಿಂದ ಅಂಚು ಒತ್ತಿದಳು. ಅದು ಉಬ್ಬಿತು. ಇಕ್ಕಳದಲ್ಲಿ ಹಿಡಿದು, ತುಪ್ಪ ಸವರಿ, ಎರಡೇ ಹೆಜ್ಜೆಯಲ್ಲಿ ಬಂದು ನನ್ನ ತಟ್ಟೆಗೆ ಹಾಕಿದಳು. "ಬಿಸಿ ಇದ್ದಾಗ್ಲೇ ತಿನ್ನು" ಎಂದಳು, ಒಂದೂ ಇಂಗ್ಲಿಷ್ ಪದವಿಲ್ಲದೆ. ಹಾಗೆ ಬಟ್ಟೆಯಿಂದ ಅಂಚು ಒತ್ತುವುದನ್ನು ನಾನು ಅವಳಿಗೆ ಕಲಿಸಿದ್ದಿಲ್ಲ, ನೋಡಿಯೇ ಕಲಿತಿರಬೇಕು.

ಮುರಿದೆ. ಹಬೆ ಬೆರಳಿಗೆ ತಾಗಿತು. ಬಾಯಿಗೆ ಇಟ್ಟುಕೊಂಡೆ. ಒಳಗಿನ ಪದರ ಇನ್ನೂ ಒದ್ದೆಯಾಗಿ ಮೆತ್ತಗಿತ್ತು, ಹೊರಗಿನ ಪದರ ಗರಿಗರಿ, ತುಪ್ಪ ಇನ್ನೂ ಓಡಾಡುತ್ತಿತ್ತು. ಮದುವೆಯಾದ ಮೇಲೆ ಇನ್ನೊಬ್ಬರು ಮಾಡಿ ಹಾಕಿದ ಬಿಸಿ ರೊಟ್ಟಿಯನ್ನು ಕೂತು ತಿಂದದ್ದು ಅದೇ ಮೊದಲು. ಆಂಟಿ ಏನೇ ಹೇಳಲಿ, ಸುಡುವುದಕ್ಕೂ ಒಂದು ರುಚಿ ಇದೆ. ಅತ್ತೆ ಮೂವತ್ತು ವರ್ಷ ಕಾದದ್ದು ಇದಕ್ಕೆ. ಶೇಂಗಾ ಪುಡಿಯಲ್ಲಿ ಅದ್ದಿಕೊಂಡು ಅಷ್ಟನ್ನೂ ಗಬಗಬನೆ ತಿಂದು ಮುಗಿಸಿದೆ. ಮುಗಿದ ತಕ್ಷಣ ನನ್ನ ಬಾಯಿಂದ ಮಾತು ಬಂದುಬಿಟ್ಟಿತು.

"ಇನ್ನೊಂದು."

ಮಗಳು ಮುಖವಿಡೀ ನಕ್ಕಳು. ತಕ್ಷಣ ಇನ್ನೊಂದು ಉಂಡೆ ಎತ್ತಿಕೊಂಡಳು. ಸಿಂಕಿನ ಪಕ್ಕ ಒಂದು ಸಣ್ಣ ತಟ್ಟೆ ಇತ್ತು. ಅದರಲ್ಲಿ ಆಕಾರ ಕೆಟ್ಟ, ಒಂದು ಕಡೆ ಸೀದ ಪೀಟಾ. ನಾನು ಬರುವ ಮೊದಲು ಬೇಯಿಸಿ ನೋಡಿದ್ದಿರಬೇಕು. ಲಟ್ಟಿಸುವ ನಡುನಡುವೆ ಅದರ ಅಂಚನ್ನು ಮುರಿದು ನಿಂತೇ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

"ಪುಟ್ಟಿ, ಬಾ. ಕೂತ್ಕೋ."

"ಒಂದ್ ನಿಮಿಷ ಅಮ್ಮ, ಬಂದೆ."

ತಿರುಗಿ ನೋಡದೆಯೇ ಹೇಳಿದಳು. ದನಿ ಅವಳದು, ಏರಿಳಿತ ನನ್ನದು. ಎದ್ದು ಹೋಗಿ ಒಲೆ ಆರಿಸಿದೆ. "ಅಮ್ಮಾ! ಇನ್ನೂ ಮೂರಿದೆ" ಎಂದಳು. ಇರಲಿ ಎಂದೆ. ಲಟ್ಟಣಿಗೆಯನ್ನು ಅವಳ ಕೈಯಿಂದ ತೆಗೆದು ಸಿಂಕಿಗೆ ಹಾಕಿ, ಎರಡನೆಯ ಕುರ್ಚಿಯ ಪುಸ್ತಕಗಳನ್ನೂ ತಂತಿಗಳನ್ನೂ ನೆಲಕ್ಕೆ ಇಳಿಸಿದೆ.